ಮೈನಸ್ ಆರು

ತಿಪ್ಪೇಸ್ವಾಮಿ ಮೇಷ್ಟ್ರ ಸಂಸಾರ ಇಪ್ಪತ್ತೆರಡು ವರ್ಷ ನೆಮ್ಮದಿಯಾಗಿ ನಡೆದದ್ದು ಅವರ ಮೈನಸ್ ಆರರ ಕನ್ನಡಕದ ದಯೆಯಿಂದ. ಹೆಂಡತಿ ಬೈಯಲು ಬಾಯಿ ತೆರೆದರೆ ಸಾಕು, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತುಬಿಡುತ್ತಿದ್ದರು. ಮುಖವೇ ಕಾಣದ ಮೇಲೆ ಬೈಗುಳ ರೇಡಿಯೋದ ಕೃಷಿ ವಾರ್ತೆಯಂತೆ ಹಾಯಾಗಿ ಹರಿದುಹೋಗುತ್ತಿತ್ತು.

ಅಂಥ ಹೆಂಡತಿಯೇ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದು, ಅವರ ಕಣ್ಣಿನದೇ ಅಳತೆ ತೆಗೆಸಿ, ಅದಕ್ಕೆ ತಕ್ಕಂತೆ ಕನ್ನಡಕವೇ ಬೇಡದ ಹಾಗೆ ಲೇಸರ್ ಚಿಕಿತ್ಸೆ ಮಾಡಿಸಿದಾಗ ಮೇಷ್ಟ್ರ ಕಣ್ಣು ತುಂಬಿ ಬಂತು.

"ನನ್ನ ಮೇಲೆ ಇಷ್ಟೊಂದು ಪ್ರೀತಿನೇನೇ?"

"ಅಳಬೇಡಿ, ಹಾಕಿದ ಡ್ರಾಪ್ಸೆಲ್ಲ ಹರಿದುಹೋಗುತ್ತೆ."

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಮೇಷ್ಟ್ರು ಒಲೆಯ ಮೇಲೆ ಹಾಲಿಟ್ಟು ಮರೆತರು. ಹಾಲು ಉಕ್ಕಿತು, ಹೆಂಡತಿ ಬಂದಳು. ಮೇಷ್ಟ್ರ ಕೈ ತಾನಾಗಿಯೇ ಕನ್ನಡಕಕ್ಕೆ ಹೋಯಿತು. ಅಲ್ಲಿ ಮೂಗೊಂದೇ ಇತ್ತು.

ಹೆಂಡತಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

"ಏನ್ರೀ, ಈಗ ಎಲ್ಲಾ ಚೆನ್ನಾಗಿ ಕಾಣ್ತಿದೆ ತಾನೆ?"

"ಕಾ... ಕಾಣ್ತಿದೆ ಕಣೇ."

"ಹಂಗಾದ್ರೆ ನನ್ನ ಮುಖಾನೇ ನೋಡ್ತಾ ಇರಿ. ಮದುವೆ ಆದಾಗಿಂದ ಬೈದಿದ್ದನ್ನೆಲ್ಲ ಮೊದಲಿಂದ ಬೈತೀನಿ."