ಮಂಡಲ್ ಸಾಹೇಬರ ನಗು

ಕಾಂಗ್ ಲಾ ಘಟ್ಟದ ಕೊನೆಯ ಏರಿನಲ್ಲಿ, ಮೊಣಕಾಲುದ್ದದ ಹಿಮದ ನಡುವೆ, ಬಿಲಟ್ ಮಂಡಲ್ ನಗತೊಡಗಿದ. ಮೊದಲು ಮೂಗಿನಲ್ಲಿ ನಕ್ಕ, ಆಮೇಲೆ ಗಂಟಲಲ್ಲಿ. ಕೊನೆಗೆ ಹೊಟ್ಟೆ ಹಿಡಿದುಕೊಂಡು ಹಿಮದಲ್ಲೇ ಕೂತುಬಿಟ್ಟ. ಮುಂದೆ ನಡೆಯುತ್ತಿದ್ದ ಛೋಡೆನ್ ತಿರುಗಿ ನೋಡಿದಳು.

ಛೋಡೆನ್ ಕೆಳಗಿನ ನಾರ್ ಊರಿನವಳು. ಹೊರಗಿನವರನ್ನು ಈ ಘಟ್ಟ ದಾಟಿಸುವುದೇ ಅವಳ ಕಸುಬು. ಇಂಥ ನಗು ಅವಳಿಗೆ ಹೊಸದಲ್ಲ. ಹೋದ ವರ್ಷ ಇದೇ ಏರಿನಲ್ಲಿ ಎಮ್ಮೆಯಂಥ ಗಟ್ಟಿ ಆಳೊಬ್ಬ ಹೀಗೇ ನಕ್ಕು, ತಲೆಯ ಟೋಪಿ ತೆಗೆದು ಗಾಳಿಗೆ ತೂರಿ, ಮರುಕ್ಷಣವೇ ಮಕಾಡೆ ಬಿದ್ದಿದ್ದ. ಅವನನ್ನು ಕುದುರೆಯ ಮೇಲೆ ಕಟ್ಟಿ ಇಳಿಸಬೇಕಾಯಿತು. ತೆಳು ಗಾಳಿ ತಲೆಗೇರಿದರೆ ಹೆಂಡ ಕುಡಿದ ಹಾಗೆಯೇ. ಇಳಿಸುವುದೊಂದೇ ಮದ್ದು.

ಆದರೆ ಮಂಡಲನನ್ನು ಇಳಿಸುವುದು ಹೇಗೆ? ಗುಡ್ಡವೇ ಇಲ್ಲದ ತರಾಯಿ ಬಯಲಿನ ಸಪ್ತರಿ ಸೀಮೆಯಿಂದ ಬಂದ ಪೊಲೀಸ್ ಪೇದೆ ಅವನು. ಪರ್ಮಿಟ್ ಇಲ್ಲದ ಪರದೇಶದವರು ಕಾಲಿಡುವಂತಿಲ್ಲದ ಈ ಕಣಿವೆಯ ಬಾಯಲ್ಲಿ, ಕೋತೋ ಚೌಕಿಯಲ್ಲಿ ನಿಂತು, ಬಂದವರ ಕಾಗದ ನೋಡಿ ಅಡ್ಡಗೋಲು ಎತ್ತುವುದು ಅವನ ಕೆಲಸ. ಅದನ್ನು ದಾಟಿ ತಾನೇ ಒಂದು ದಿನವೂ ಒಳಗೆ ಬಂದಿರಲಿಲ್ಲ. ಈಗ ಅವನಿಗೆ ತನ್ನ ಊರಿನ ಕಡೆಗೇ ವರ್ಗವಾಗಿತ್ತು. ಛೋಡೆನ್ ಇಬ್ಬರು ಫ್ರೆಂಚ್ ಹೆಂಗಸರನ್ನು ಕರೆದುಕೊಂಡು ಹೊರಟಾಗ, “ತಂಗೀ, ನಾನೂ ಬರ್ಲಾ?” ಎಂದಿದ್ದ. ತಮಾಷೆಗಿರಬೇಕೆಂದುಕೊಂಡಿದ್ದಳು. ಮನುಷ್ಯ ರಜೆ ಹಾಕಿ, ಚೀಲದ ತುಂಬ ಅವಲಕ್ಕಿ ಕಟ್ಟಿಕೊಂಡು ಬಂದೇಬಿಟ್ಟಿದ್ದ. ಇವತ್ತು ಹಿಂದಕ್ಕೆ ಕಳಿಸಿದರೆ ಇನ್ನು ಈ ಜನ್ಮದಲ್ಲಿ ಅವನು ಇತ್ತ ಬರುವವನಲ್ಲ.

ಫ್ರೆಂಚ್ ಹೆಂಗಸರು ಹೊರೆಯಾಳಿನ ಜೊತೆ ಆಗಲೇ ನೆತ್ತಿ ಮುಟ್ಟಿದ್ದರು. ಛೋಡೆನ್ ಒಬ್ಬಳೇ ಕೆಳಗೆ ಜಾರಿ ಬಂದಳು.

“ತಲೆ ನೋಯ್ತಿದೆಯಾ, ಅಣ್ಣಾ?”

“ಇಲ್ಲ.” ಮತ್ತೆ ನಗು.

“ವಾಂತಿ ಬರೋ ಹಾಗಿದೆಯಾ?”

“ಹಸಿವಾಗ್ತಿದೆ.”

ಛೋಡೆನ್ ಊರುಗೋಲಿನಿಂದ, ಜನ ತುಳಿದು ಗಟ್ಟಿಯಾಗಿದ್ದ ದಾರಿಯ ಹಿಮದ ಮೇಲೆ ಒಂದು ಗೆರೆ ಎಳೆದಳು. “ಏಳಿ. ಇದರ ಮೇಲೆ ಹೆಜ್ಜೆಗೆ ಹೆಜ್ಜೆ ಹಚ್ಚಿ ನಡೀರಿ. ಒಂಚೂರು ಓಲಾಡಿದ್ರೂ ಕೆಳಗೆ ಇಳಿಸ್ತೀನಿ. ಸಾಹೇಬರು ಅಂತ ನೋಡಲ್ಲ.”

ಮಂಡಲ್ ಎದ್ದ. ನಗುತ್ತಲೇ ಗೆರೆಯ ಮೇಲೆ ನಡೆದ. ಪೆರೇಡಿನ ಕಾಲು, ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ. ತುದಿಯಲ್ಲಿ ತಿರುಗಿ ಒಂದು ಸಲ್ಯೂಟ್ ಬೇರೆ ಹೊಡೆದ.

“ಮದುವೆಯಾಗಿ ಎಷ್ಟು ವರ್ಷ ಆಯ್ತು?” ಛೋಡೆನ್ ಇನ್ನೂ ಬಿಡಲಿಲ್ಲ.

“ತಲೆ ನೆಟ್ಟಗಿರೋವಾಗ್ಲೂ ಅದು ನೆನಪಿರಲ್ಲ, ತಾಯೀ. ಬೇರೆ ಕೇಳು.”

“ಹೆಂಡತಿ ಹೆಸರು?”

“ಸುನೈನಾ. ಬೇಕಾದ್ರೆ ನಮ್ಮ ಎಮ್ಮೆ ಹೆಸರೂ ಹೇಳ್ತೀನಿ.”

“ಹಾಗಾದ್ರೆ ಯಾಕ್ರೀ ಹೀಗೆ ನಗ್ತಿದೀರಾ? ನನ್ನ ಜೀವ ಬಾಯಿಗೆ ಬಂತಲ್ಲ!”

ಮಂಡಲ್ ಕಣ್ಣೊರೆಸಿಕೊಂಡ. “ಚೌಕೀಲಿ ನಿಂತು ನೋಡ್ತಿದ್ದೆ, ತಂಗೀ. ಮೂಗಿನ ಸಿಪ್ಪೆ ಎದ್ದು, ತುಟಿ ಬಿರಿದು, ಕುಂಟ್ಕೊಂಡು ವಾಪಸ್ ಬರೋರು ಈ ಬೆಟ್ಟ ಹತ್ತೋ ಜನ. ಆದ್ರೂ ಹಲ್ಲು ಕಿರಿಯೋರು. ಅಷ್ಟೊಂದು ದುಡ್ಡು ಸುರಿದು ಒದೆ ತಿಂದು ಬರ್ತಾವಲ್ಲ ಹುಚ್ಚುಮುಂಡೇವು ಅಂತ ಒಳಗೊಳಗೇ ಬೈಕೊಳ್ತಿದ್ದೆ. ಈಗ ಸುಮ್ನೆ ಮೂಗು ಮುಟ್ಕೊಂಡೆ...” ಅಂಗೈ ಚಾಚಿದ. ಅದರ ಮೇಲೆ ಈರುಳ್ಳಿಯ ಪೊರೆಯಂಥ ಒಂದು ಚೂರು ಚರ್ಮ. “ನಂದೂ ಎದ್ದುಬಂತು! ಅದೂ ರಜೆ ಹಾಕಿ ಬಂದು!”

ಛೋಡೆನ್ ತುಟಿ ಕಚ್ಚಿ ತಡೆದಳು. ಆಗಲಿಲ್ಲ. ನಗು ಬುಸಕ್ಕನೆ ಹೊರಟಿತು. ಊರುಗೋಲಿಗೆ ಜೋತುಬಿದ್ದು ಅವಳೂ ನಕ್ಕಳು. ಸಾಕಾಗಿ ನಿಂತರೆ ಮಂಡಲ್ ಮೂಗು ತೋರಿಸುತ್ತಿದ್ದ, ಮತ್ತೆ ಶುರು. ಮೇಲಿನಿಂದ ಫ್ರೆಂಚ್ ಹೆಂಗಸರು ಬಗ್ಗಿ ನೋಡಿ, ಏನೆಂದು ತಿಳಿಯದೆ ತಾವೂ ನಗತೊಡಗಿದರು.

“ಸಾಕು, ನಡೀರಿ,” ಎಂದು ಛೋಡೆನ್ ಅವನ ತೋಳು ಹಿಡಿದೆಳೆದಳು. “ಉಳಿದದ್ದನ್ನ ಮೇಲೆ ಹೋಗಿ ನಗಿ. ಇಲ್ಲಿ ಉಸಿರು ತುಟ್ಟಿ. ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಡಬೇಕು, ತಿಳೀತಾ?”

ನೆತ್ತಿಯಲ್ಲಿ ಬಣ್ಣಬಣ್ಣದ ಮಂತ್ರದ ಬಾವುಟಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಛೋಡೆನ್ “ಕಿ ಕಿ ಸೋ ಸೋ ಲ್ಹಾ ಗ್ಯಾಲೋ!” ಎಂದು ದೇವರಿಗೆ ಜಯಕಾರ ಹಾಕಿದಳು. ಮಂಡಲ್ “ಜೈ ಭಗವತೀ!” ಎನ್ನಲು ಬಾಯಿ ತೆರೆದವನು ಅರ್ಧಕ್ಕೇ ನಿಂತ. ಎದುರಿಗೆ ಅನ್ನಪೂರ್ಣೆಯ ಹಿಮಬೆಟ್ಟಗಳ ಸಾಲು ಸಾಲೇ ನಿಂತಿತ್ತು, ಆಕಾಶದ ಈ ಕೊನೆಯಿಂದ ಆ ಕೊನೆಯವರೆಗೆ, ಬಿಸಿಲಿಗೆ ಬೆಳ್ಳಗೆ ಉರಿಯುತ್ತ. ನಗು ಎಲ್ಲಿ ಹೋಯಿತೋ. ಮಂಡಲ್ ಮೆಲ್ಲಗೆ ತಲೆಯ ಟೋಪಿ ತೆಗೆದ. ಛೋಡೆನ್ ಹೆದರಿ ನೋಡಿದಳು. ಅವನು ಅದನ್ನು ತೂರಲಿಲ್ಲ, ಎದೆಗೊತ್ತಿ ಹಿಡಿದುಕೊಂಡ.

ಜೇಬಿನಲ್ಲಿ ಫೋನು ಕಿರ್ರೆಂದಿತು. ಆಚೆಯ ಮನಾಂಗ್ ಊರಿನ ಕಡೆಯಿಂದ ಒಂದೆಳೆ ಸಿಗ್ನಲ್ ಸಿಕ್ಕಿತ್ತು. ಸುನೈನಾ.

“ಎಲ್ಲಿದ್ದೀರಿ? ಬಸ್ ಹತ್ತಿದ್ರಾ?” ಗಾಳಿಯಲ್ಲೂ ಎಲ್ಲರಿಗೂ ಕೇಳುವಂಥ ದನಿ.

“ಇಲ್ಲ ಕಣೇ. ಮೇಲಿದ್ದೀನಿ.”

“ಯಾವ ಮೇಲೆ? ಬಸ್ ಮೇಲಾ? ಒಳಗೆ ಸೀಟಿರಲಿಲ್ವಾ?”

“ಬಸ್ ಅಲ್ಲ ಕಣೇ... ಮೇಲೆ. ಎಲ್ಲಾದಕ್ಕಿಂತ ಮೇಲೆ.”

“ಏನಿದೆ ಅಲ್ಲಿ?”

ಮಂಡಲ್ “ಬಿಳೀ...” ಎಂದ. “ಉದ್ದಕ್ಕೆ...” ಎಂದ. ಕೊನೆಗೆ, ಅಜ್ಜಿಯ ಜೊತೆ ಮಾತಾಡಲೆಂದು ಮಗುವಿನ ಬಾಯಿಗೆ ಫೋನು ಹಿಡಿಯುತ್ತಾರಲ್ಲ, ಹಾಗೆ, ತೋಳು ನೀಡಿ ಅದನ್ನು ಬೆಟ್ಟಗಳ ಕಡೆಗೆ ಹಿಡಿದ.

ಗಾಳಿ ಸುಯ್ಯೆಂದಿತು. ಆಮೇಲೆ, ಮನೆಯ ಹಿರಿಯರು ಫೋನಿಗೆ ಬಂದಾಗ ತಗ್ಗುವ ಹಾಗೆ ಸುನೈನಾಳ ದನಿ ತಗ್ಗಿತು:

“ಹಲೋ... ಯಾರು ಮಾತಾಡ್ತಿರೋದು?”