ತಿಂಗಳ ಅಕ್ಕಿ

ಬರಪರಿಹಾರದ ಅಕ್ಕಿ ಸರಿಯಾಗಿ ಬಳಕೆಯಾಗಿದೆಯೇ ಎಂದು ನೋಡಲು ತಂಡದೊಂದಿಗೆ ಬಂದ ಅಧಿಕಾರಿಗೆ ಕುರಿಗಾಹಿಗಳ ಹಟ್ಟಿಯಲ್ಲಿ ತಲೆ ಕೆಟ್ಟುಹೋಯಿತು. ತಿಂಗಳಿಗೆಂದು ಕೊಟ್ಟ ಚೀಲದಲ್ಲಿ ಹದಿನೈದನೇ ದಿನಕ್ಕೇ ಒಂದು ಹೊತ್ತಿಗಾಗುವಷ್ಟೇ ಅಕ್ಕಿ ಉಳಿದಿತ್ತು.

"ಮಾರಿಕೊಂಡಿರೇನಮ್ಮ?" ಎಂದು ಮುದುಕಿ ಮಾಳವ್ವನ ಮೇಲೆ ರೇಗಿದ.

"ಮೊದ್ಲ ಉಣ್ರಿ, ಸಾಹೇಬ್ರ. ಹಟ್ಟಿಗೆ ಬಂದವ್ರನ್ನ ಹಸದ ಹೊಟ್ಟೀಲೆ ಕಳಸೂದಿಲ್ಲ ನಾವು," ಎಂದು ಆಕೆ ಎಲ್ಲರ ಮುಂದೆಯೂ ಬಿಸಿ ಅನ್ನದ ತಾಟು ಇಟ್ಟಳು.

ಸಿಡುಕುತ್ತಲೇ ಉಂಡ. ಕೈ ತೊಳೆಯುತ್ತ ಮತ್ತೆ ಕೆದಕಿದ: "ಅಷ್ಟೂ ಅಕ್ಕಿ ನಿಮ್ಮ ಮಕ್ಕಳೇ ತಿಂದರೇ?"

"ನಮ್ಮ ಮಕ್ಳು ತಿನ್ನೂದು ಜ್ವಾಳದ ನುಚ್ಚು. ಅಕ್ಕಿ ಬಂದವ್ರಿಗೆ."

"ಈ ಬರದಲ್ಲಿ ಇಲ್ಲಿಗೆ ಯಾರಮ್ಮ ಬರ್ತಾರೆ?"

"ಅಕ್ಕಿ ಮುಟ್ಟಿತೇನಂತ ಕೇಳಾಕ ಬರ್ತಾರಲ್ರಿ. ನಿಮ್ದು ಏಳನೇ ಜೀಪು."