ಮೂರನೆಯ ಸಾಲಿನ ಎರಡನೆಯ ಮನೆ

ಕಂದು ಕೋಟಿನವನು ಗುರುವಾರವೂ ಬಂದ. ಬಾಗಿಲ ಬಳಿ ನಿಂತು ಜೇಬಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದ. ಗೋಡೆಯ ಪರವಾನಗಿಯ ಮೇಲಿದ್ದ ಮಾಲೀಕನ ಹೆಸರನ್ನು ಅದರೊಂದಿಗೆ ಮತ್ತೆ ತಾಳೆ ನೋಡಿದ. ಆಮೇಲೆ ಅಡುಗೆಮನೆಗೆ ಎದುರಾದ ಮೇಜಿಗೇ ಹೋಗಿ ಕೂತ.

"ಮೂರನೇ ದಿನ," ಎಂದಳು ಸೂಯಿಲಾನ್, ಬಟಾಣಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ. "ಊಟದ ಗಿರಾಕಿಗಳೆಲ್ಲ ಹೋದ್ಮೇಲೇ ಬರ್ತಾನೆ ನೋಡು. ಚೀನೀ ಮುಖ ಇಟ್ಕೊಂಡು ಟೀ ಮುಟ್ಟಲ್ಲ. ಕಾಫಿ ಬೇಕಂತೆ, ಅದಕ್ಕೆ ನಾಲ್ಕು ಚಮಚ ಸಕ್ಕರೆ! ಮಾತೂ ತೊದಲು. ಸರ್ಕಾರದ ದುಭಾಷಿ ಅಲ್ದೆ ಇನ್ಯಾರು?"

"ಮೆಲ್ಲಗೆ ಮಾತಾಡೇ," ಎಂದ ಗಂಡ ಕ್ವಾಕ್‌ಹಿಂಗ್.

ಸ್ಟಾಕ್‌ಟನ್ನಿನ 'ಹೊಸ ಚಂದ್ರ' ಹೋಟೆಲಿಗೆ ಆ ವರ್ಷ, ಅಂದರೆ ೧೯೬೩ರಲ್ಲಿ, ಹದಿನೇಳು ತುಂಬಿತ್ತು. ಬಿಳಿಯರಿಗೆ ಮುಂದುಗಡೆ ಚಾಪ್ ಸೂಯಿ, ತಮ್ಮವರಿಗೆ ಹಿಂದುಗಡೆ ಗಂಜಿ, ಉಪ್ಪುಮೀನು. ಗಂಡ ಬಾಣಲೆ ಹಿಡಿದ, ಹೆಂಡತಿ ತರಕಾರಿ ಹೆಚ್ಚಿದಳು, ಮಗಳು ಡೋರಿಸ್ ಮೂರನೇ ತರಗತಿಯಿಂದಲೇ ತಟ್ಟೆ ಹೊತ್ತಳು. ಅಲ್ಲಿದ್ದದ್ದೆಲ್ಲ ಅವರ ಬೆವರಿನದೇ, ಮಾಲೀಕನ ಹೆಸರೊಂದನ್ನು ಬಿಟ್ಟು.

ಲಿಯಾಂಗ್ ಕ್ವಾಕ್‌ಹಿಂಗ್ ಕಾಗದದ ಮಗ. ಚೀನೀಯರನ್ನು ಒಳಗೆ ಬಿಡದ ಕಾನೂನಿದ್ದ ಕಾಲದಲ್ಲಿ, ಈ ದೇಶದ ಪೌರನಾಗಿದ್ದ ಲಿಯಾಂಗ್ ಸೌಟಾಂಗ್ ಎಂಬುವವನ ಮಗನೆಂಬ ಕಾಗದ ಕೊಂಡು, ಹದಿನಾಲ್ಕನೇ ವಯಸ್ಸಿನಲ್ಲಿ ಹಡಗು ಹತ್ತಿದ್ದ. ಕಾಗದದ ಜೊತೆಗೊಂದು ಪುಸ್ತಕ. ಅದರಲ್ಲಿ ಆ 'ಅಪ್ಪ'ನ ಊರು, ಮನೆ, ಒಲೆ, ಬಾವಿ ಎಲ್ಲ ಇತ್ತು. ಬಂದರಿನೆದುರಿನ ದ್ವೀಪದಲ್ಲಿ ಕೂಡಿಹಾಕಿ ಅಧಿಕಾರಿಗಳು ಕೇಳುವಾಗ ಒಂದು ಉತ್ತರ ತಪ್ಪಿದರೂ ಬಂದ ಹಡಗಿನಲ್ಲೇ ವಾಪಸ್ಸು. ಬಾಯಿಪಾಠ ಮಾಡಿ ಪುಸ್ತಕವನ್ನು ಸಮುದ್ರಕ್ಕೆ ಎಸೆದ. ಮುಂದೆಂದೂ ನಾಲಿಗೆ ಜಾರದಿರಲೆಂದು, ಮದುವೆಯಾದ ಮೇಲೆ ಆ ಮನೆಯ ಮಗನ ಮುದ್ದಿನ ಹೆಸರನ್ನೂ ಹೆಂಡತಿಗೆ ಕಲಿಸಿ ಅದರಿಂದಲೇ ಕರೆಸಿಕೊಂಡ. ಪಾಪ, ತನ್ನ ಹೆತ್ತವಳು ತನ್ನನ್ನು ಏನೆಂದು ಕರೆಯುತ್ತಿದ್ದಳೆಂದು ಕೇಳಿದರೆ ಈಗ ಅವನು ಯೋಚಿಸಿ ಹೇಳಬೇಕಿತ್ತು.

ಕೆಲವು ವರ್ಷಗಳಿಂದ ಸರ್ಕಾರ ಕಾಗದದ ಮಕ್ಕಳನ್ನು ಹುಡುಕುತ್ತಿತ್ತು. ಪಕ್ಕದ ಬೀದಿಯಲ್ಲಿ ಬಟ್ಟೆ ಒಗೆಯುವ ಚಿನ್ ಕಳೆದ ತಿಂಗಳಷ್ಟೇ ಸಿಕ್ಕಿಬಿದ್ದಿದ್ದ. ಸಿಕ್ಕರೆ ಹೋಟೆಲೂ ಇಲ್ಲ, ದೇಶವೂ ಇಲ್ಲ.

ಡೋರಿಸ್ ಕಾಫಿ ತಂದಿಟ್ಟು ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ದಿನಾ ಬರ್ತೀರ, ನಿಮ್ಮ ಹೆಸರೇನು ಅಂಕಲ್?"

"ಹೆಸರಿನ ವಿಷಯಕ್ಕೇ ಬಂದಿದ್ದೀನಮ್ಮ. ನಿಮ್ಮಪ್ಪನ್ನ ಕರಿ."

ಕ್ವಾಕ್‌ಹಿಂಗ್ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತ. ಮೊದಲ ದಿನ ಈ ಮನುಷ್ಯ ಊರು ಕೇಳಿದ್ದ. ಎರಡನೆಯ ದಿನ ಬೀದಿ.

"ಮೂರನೇ ಸಾಲಲ್ಲಿ ಎರಡನೇ ಮನೆ ಅಂದ್ರಿ. ಬಾಗಿಲಿಗೆ ಎಷ್ಟು ಮೆಟ್ಟಿಲು?"

"ನಾಲ್ಕು. ಮೇಲಿಂದು ಒಡೆದಿದೆ."

"ಅಕ್ಕಿ ಎಲ್ಲಿಡ್ತಿದ್ರು?"

"ಒಲೆಯ ಎಡಕ್ಕೆ, ಗುಡಾಣದಲ್ಲಿ."

"ಬಾವಿ?"

"ಹಿತ್ತಲಲ್ಲಿ. ಪಕ್ಕಕ್ಕೆ ಚಕೋತದ ಮರ."

ದ್ವೀಪದಲ್ಲಿ ಕೇಳಿದ ಪ್ರಶ್ನೆಗಳೇ. ಆದರೆ ಇವನು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದ. ಉತ್ತರ ಸರಿಯೋ ತಪ್ಪೋ ಮುಖ ನೋಡಿ ತಿಳಿಯುವಂತಿರಲಿಲ್ಲ.

"ಅಮ್ಮ ಎಲ್ಲಿ ಮಲಗ್ತಿದ್ರು?"

"ಪೂರ್ವದ ಕೋಣೇಲಿ. ಕಿಟಕಿ ಕೆಳಗೆ."

"ಮಗ?"

"ಅವರ ಮಗ್ಗುಲಲ್ಲೇ."

"ಇನ್ನೊಂದ್ಸಲ ಹೇಳಿ."

ಕ್ವಾಕ್‌ಹಿಂಗ್ ಅದನ್ನೇ ಮತ್ತೆ ಹೇಳಿದ. ಎಲ್ಲೋ ತಪ್ಪಿದೆ ಅಂದುಕೊಂಡ.

"ನಾಯಿಮರೀ!" ಅಡುಗೆಮನೆಯಿಂದ ಸೂಯಿಲಾನ್ ಕೂಗಿದಳು. "ಎಣ್ಣೆ ಹೊತ್ಕೋತಿದೆ, ಬೇಗ ಬಾ!" ಒಲೆ ಹಚ್ಚಿಯೇ ಇರಲಿಲ್ಲ. ಗಂಡನನ್ನು ಅಲ್ಲಿಂದ ಎಬ್ಬಿಸಬೇಕಿತ್ತು, ಅಷ್ಟೇ.

ಎದುರಿಗಿದ್ದವನ ಕೈಯ ಕಪ್ಪು ಮಗುಚಿತು. ಕಾಫಿ ಮೇಜಿನ ತುಂಬ ಹರಿದು ಅವನ ಕೋಟಿಗೂ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಪತ್ರಿಕೆಯ ತುಣುಕು ನೆನೆಯದಂತೆ ಜೇಬಿನಿಂದ ತೆಗೆದು ಒಣಗಿದ್ದ ಕಡೆ ಇಟ್ಟ.

ಕ್ವಾಕ್‌ಹಿಂಗ್ ಅದನ್ನು ನೋಡಿದ ಕೂಡಲೇ ಗುರುತಿಸಿದ. ಹೋದ ವರ್ಷ ಸೌಟಾಂಗ್ ತೀರಿಕೊಂಡಾಗ, ಮಗನಾದವನು ಹಾಕಿಸಬೇಕೆಂದು ತಾನೇ ಚೀನೀ ಪತ್ರಿಕೆಗೆ ಕೊಟ್ಟ ಪ್ರಕಟಣೆ. ಕೆಳಗೆ ತನ್ನ ಹೆಸರು, ಹೋಟೆಲಿನ ವಿಳಾಸ. ತನ್ನ ಗುಂಡಿ ತಾನೇ ತೋಡಿಕೊಂಡಿದ್ದ.

"ಇದರಲ್ಲಿ ಒಬ್ಬನೇ ಮಗ ಅಂತ ಬರೆಸಿದ್ದೀರಿ," ಎಂದ ಕಂದು ಕೋಟಿನವನು. "ನಿಜಾನಾ?"

ಮೂವತ್ತೊಂದು ವರ್ಷ ಹೇಳಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೇಜು ಒರೆಸುತ್ತಿದ್ದ ಡೋರಿಸ್ ಕಣ್ಣಿಗೆ ಬಿದ್ದಳು. ನಾಳೆ ಇದೇ ಪ್ರಶ್ನೆಗಳನ್ನು ಅವಳಿಗೂ ಕೇಳುತ್ತಾರೆ. ಅವಳೂ ಸುಳ್ಳನ್ನು ಬಾಯಿಪಾಠ ಮಾಡಬೇಕೆ? ಅವನಿಗೆ ಸಾಕಾಗಿ ಹೋಯಿತು.

"ಸುಳ್ಳು. ನಾನು ಅವರ ಮಗ ಅಲ್ಲ. ಇದ್ದ ಒಬ್ಬ ಮಗನ್ನ ನಾಲ್ಕನೇ ವರ್ಷಕ್ಕೇ ಡಕಾಯಿತರು ಹೊತ್ಕೊಂಡು ಹೋದ್ರಂತೆ. ಸತ್ತ ಅಂದ್ಕೊಂಡು ಅವನ ಕಾಗದ ಮಾರಿದ್ರು, ನಾನು ಕೊಂಡೆ. ತಪ್ಪು ನನ್ನೊಬ್ಬಂದೇ. ಇವರಿಬ್ಬರನ್ನ ಬಿಟ್ಬಿಡಿ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ಕಂದು ಕೋಟಿನವನು ಪತ್ರಿಕೆಯ ತುಣುಕನ್ನು ಮಡಿಸಿದ. ಆಮೇಲೆ ಕೇಳಿದ. "ಅವನನ್ನ ಹೊತ್ಕೊಂಡು ಹೋದಾಗ ಅಮ್ಮ ಅತ್ರಂತಾ?"

"ಅದು ಪುಸ್ತಕದಲ್ಲಿ ಇರ್ಲಿಲ್ಲ."

"ಈಗ ನಿಮ್ಮ ಹೆಂಡತಿ ಕೂಗಿದ್ರಲ್ಲ, ಆ ಹೆಸರು. ಅದು ನಿಮ್ದಾ, ಪುಸ್ತಕದ್ದಾ?"

"ಪುಸ್ತಕದ್ದು. ದೃಷ್ಟಿ ಆಗದೇ ಇರ್ಲಿ ಅಂತ ಆ ತಾಯಿ ಇಟ್ಟಿದ್ದಂತೆ."

"ಅಪ್ಪನ ಹೆಸರು ಮರೀಲಿಲ್ಲ, ನನ್ನದು ಮರೆತೆ. ಡಕಾಯಿತರು ಮಾರಿದ್ಮೇಲೆ ಹವಾನಾದಲ್ಲಿ ನಲವತ್ತೊಂದು ವರ್ಷ ಅದನ್ನ ನೆನಪು ಮಾಡ್ಕೊಳ್ಳೋಕೆ ನೋಡಿದೀನಿ, ಆಗ್ಲಿಲ್ಲ," ಎಂದ ಆತ. "ನನ್ನನ್ನೂ ಒಂದ್ಸಲ ಹಾಗೇ ಕರೀರಿ."